ಗರ್ಲ್ಸ್ ಸ್ಕೂಲಿಗೆ ಹಾಕ್ಬೇಕಾ? ಇಬ್ರು ಹೆಣ್ಮಕ್ಕಳನ್ನ ಕಳಿಸಿರೋ ಅಮ್ಮನ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಶಾಲೆ ಹೆಸರು ಹಾಕಲ್ಲ. ದೊಡ್ಡೋಳು ಎಸ್ಸೆಸ್ಸೆಲ್ಸಿ ಮುಗಿಸ್ಕೊಂಡು ಆಚೆ ಬಂದಾಯ್ತು, ಆದ್ರೆ ಚಿಕ್ಕೋಳು ಇನ್ನೂ ಅಲ್ಲೇ ಏಳನೇ ಕ್ಲಾಸು, ಪಾಪ ಅವಳು ದಿನಾ ಅಲ್ಲಿಗೇ ಹೋಗ್ಬೇಕಲ್ಲ. ಮೈಸೂರು, ಟ್ರಸ್ಟ್ ನಡೆಸೋ ಪ್ರೈವೇಟ್ ಶಾಲೆ, ಎಲ್‌ಕೆಜಿಯಿಂದ ಹತ್ತರ ತನಕ, ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಂ, ಬರೀ ಹುಡುಗೀರು. ಇಷ್ಟು ಹೇಳಿದ್ರೆ ಊರೋರ ತಲೇಲಿ ನಾಲ್ಕೈದು ಹೆಸರು ಓಡುತ್ತೆ, ಓಡ್ಲಿ ಬಿಡಿ, ನಾನು ಹೇಳೋದ್ರಲ್ಲಿ ಅರ್ಧ ಅವೆಲ್ಲಕ್ಕೂ ಒಪ್ಪುತ್ತೆ. ಮಹಾರಾಣಿ ಹೆಣ್ಮಕ್ಕಳ ಶಾಲೆ 1881ರಲ್ಲೇ ಶುರುವಾದ ಊರಿದು, ಹಂಗಾಗಿ ಹುಡುಗೀರನ್ನ ಹುಡುಗೀರ ಶಾಲೆಗೆ ಹಾಕೋದು ಇಲ್ಲಿ ಯಾರಿಗೂ ವಿಶೇಷ ಅನ್ಸಲ್ಲ. ನಮ್ಮತ್ತೆ ಇದೇ ಶಾಲೇಲಿ ಓದಿದ್ದು, ನಾದಿನೀನೂ ಇದೇ ಶಾಲೆ, ನನ್ನ ಮಕ್ಕಳ ವಿಷಯದಲ್ಲಿ ಚರ್ಚೆ ಅಂತ ಏನೂ ನಡೀಲೇ ಇಲ್ಲ.

ಅಡ್ಮಿಷನ್ ಟೈಮಲ್ಲಿ ಫಾರಂ ತಗೊಳಕ್ಕೆ ನಿಂತಿರೋರನ್ನ ಯಾಕ್ರೀ ಇಲ್ಲಿಗೇ ಬಂದ್ರಿ ಅಂತ ಕೇಳಿ ನೋಡಿ, ಮುಕ್ಕಾಲು ಪಾಲು ಜನ ಹೇಳೋದು ಒಂದೇ, ಸೇಫ್ಟಿ. ಅಪ್ಪಂದಿರಂತೂ ಬೇರೆ ಮಾತೇ ಆಡಲ್ಲ. ಶಾಲೆಯೋರಿಗೂ ಅದು ಚೆನ್ನಾಗಿ ಗೊತ್ತು, ಅದಕ್ಕೇ ಮೊದಲು ತೋರ್ಸೋದೇ ಕಾಂಪೌಂಡು, ಗೇಟು, ಕ್ಯಾಮೆರಾ. ಅದ್ರಲ್ಲಿ ಸುಳ್ಳಿಲ್ಲ, ವ್ಯವಸ್ಥೆ ಗಟ್ಟಿಯಾಗೇ ಇದೆ. ಮಗೂನ ಕರ್ಕೊಂಡ್ ಹೋಗೋರಿಗೆ ಫೋಟೋ ಇರೋ ಕಾರ್ಡು ಕೊಟ್ಟಿರ್ತಾರೆ, ಕಾರ್ಡಿಲ್ದೆ ಸ್ವಂತ ಅಜ್ಜಿ ಬಂದ್ರೂ ಬಿಡಲ್ಲ. ನಮ್ಮತ್ತೆ ಒಂದ್ಸಲ ಗೇಟಲ್ಲಿ ವಾಚ್‌ಮ್ಯಾನ್ ಜೊತೆ ಜಗಳಾನೇ ಆಡಿದ್ರು, ನಾನೂ ಇದೇ ಶಾಲೇಲಿ ಓದಿದೋಳು ಕಣಪ್ಪ ಅಂತ, ಅವನು ಜಗ್ಗಲಿಲ್ಲ. ನನಗೆ ಒಳಗೊಳಗೇ ಖುಷಿ ಆಯ್ತು, ಎರಡು ಕಾರಣಕ್ಕೆ. ಶಾಲೆ ವ್ಯಾನಲ್ಲೂ ಕೊನೇ ಮಗು ಇಳಿಯೋ ತನಕ ಒಬ್ರು ಆಯಮ್ಮ ಇದ್ದೇ ಇರ್ತಾರೆ, ಇದನ್ನ ನಾನೇ ಎಷ್ಟೋ ಸಲ ನೋಡಿದೀನಿ.

ಆದ್ರೆ ಗೇಟು ಕಾಯೋದೇ ಬೇರೆ, ಹುಡುಗೀರನ್ನ ಕಾಯೋದೇ ಬೇರೆ, ಇಲ್ಲಿ ಎರಡನ್ನೂ ಒಂದೇ ಕೆಲಸ ಅನ್ಕೊಂಡಿದಾರೆ. ದೊಡ್ಡೋಳು ಒಂಬತ್ತರಲ್ಲಿದ್ದಾಗ ನಮ್ಮಕ್ಕನ ಮಗ ಮನೆ ಕೀ ಕೊಡಕ್ಕೆ ಅಂತ ಸೈಕಲಲ್ಲಿ ಬಂದಿದ್ದ, ಗೇಟಿನಾಚೆ ಪಾನಿಪೂರಿ ಗಾಡಿ ಹತ್ರ ನಿಂತ್ಕೊಂಡು ಇಬ್ರೂ ಮಾತಾಡಿದಾರೆ, ಪಾನಿಪೂರಿನೂ ತಿಂದಿರ್ತಾರೆ ಅದು ಬೇರೆ ವಿಷಯ, ಮಾರನೇ ದಿನ ಡೈರೀಲಿ ಕೆಂಪು ಇಂಕಲ್ಲಿ ಪೇರೆಂಟ್ಸ್ ಬಂದು ಕಾಣ್ಬೇಕು ಅಂತ. ಹೋದೆ. ಹೆಚ್ಚೆಮ್ ಮೇಡಂ ಮೃದುವಾಗೇ ಮಾತಾಡಿದ್ರು, ಗದರಲಿಲ್ಲ. ಅವನು ಅವಳ ದೊಡ್ಡಮ್ಮನ ಮಗ ಮೇಡಂ, ಅವಳಿಗೆ ಅಣ್ಣ ಆಗ್ಬೇಕು ಅಂದೆ. ಅಣ್ಣಾನೇ ಇರ್ಬಹುದಮ್ಮ, ನೋಡೋರಿಗೆ ಹೇಗೆ ಗೊತ್ತಾಗ್ಬೇಕು ಅಂದ್ರು. ಆ ನೋಡೋರು ಯಾರು, ಅವರು ಯಾಕೆ ನೋಡ್ತಾರೆ, ಅವರಿಗೆ ಬೇರೆ ಕೆಲಸ ಇಲ್ವಾ ಅಂತ ಕೇಳ್ಬೇಕು ಅನ್ಸಿತ್ತು, ಕೇಳ್ಲಿಲ್ಲ, ಪ್ರಿಪರೇಟರಿ ಪರೀಕ್ಷೆ ಇನ್ನೂ ಮುಂದೆ ಇತ್ತು.

ಜಡೆ ವಿಷಯ ಕೇಳಲೇಬೇಡಿ. ಎರಡು ಜಡೆ ಹಾಕಿ ಮಡಚಿ ಕಟ್ಬೇಕು, ಟೇಪು ಹೌಸ್ ಬಣ್ಣದ್ದೇ ಆಗಿರ್ಬೇಕು, ಕೂದಲು ಕಟ್ ಮಾಡಿಸ್ಕೊಂಡ್ರೆ ಕ್ಲಿಪ್ ಹಾಕಿ ಒತ್ತಿರ್ಬೇಕು. ಎಂಟನೇ ಕ್ಲಾಸಿಂದ ಚೂಡಿದಾರ್, ವೇಲ್‌ಗೆ ಎರಡೂ ಕಡೆ ಪಿನ್ನು, ಪಿನ್ ಬಿಚ್ಚಿದ್ರೆ ಅಸೆಂಬ್ಲೀಲಿ ಪಕ್ಕಕ್ಕೆ ನಿಲ್ಲಿಸ್ತಾರೆ. ಒಂದು ಗಂಡು ಮಗು ಇಲ್ಲದ ಕಾಂಪೌಂಡಲ್ಲಿ ಆ ಪಿನ್ನು ಯಾರಿಗೋಸ್ಕರ ಅಂತ ನನ್ನ ಮಗಳು ಕೇಳಿದ್ಲು, ನನ್ನ ಹತ್ರ ಉತ್ತರ ಇರ್ಲಿಲ್ಲ.

ಇನ್ನೊಂದು. ಹತ್ತನೇ ಕ್ಲಾಸ್ ಸೈನ್ಸಲ್ಲಿ ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ ಅಂತ ಒಂದು ಪಾಠ ಇದೆ, ಪರೀಕ್ಷೆಗೂ ಬರುತ್ತೆ. ಹೂವಿನ ಚಿತ್ರದ ತನಕ ಮಿಸ್ಸು ಬಹಳ ಚೆನ್ನಾಗಿ ಪಾಠ ಮಾಡಿದ್ರಂತೆ, ಮನುಷ್ಯರದ್ದು ಬಂತು ನೋಡಿ, ಇದನ್ನ ನೀವೇ ಓದ್ಕೊಳಿ ಈಸಿ ಇದೆ ಅಂದ್ಬಿಟ್ರಂತೆ. ಹುಡುಗರು ಕೂತಿರೋ ಕ್ಲಾಸಲ್ಲಿ ಮುಜುಗರ ಅಂದ್ರೆ ಒಪ್ಕೋಬಹುದು, ಬರೀ ಹೆಣ್ಮಕ್ಕಳ ಕ್ಲಾಸು, ಹೇಳಿಕೊಡೋರೂ ಹೆಣ್ಣು, ಇಲ್ಲಿ ಹೇಳ್ದೆ ಇದ್ರೆ ಇನ್ನೆಲ್ಲಿ ಹೇಳೋದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಪೋಕ್ಸೋ ಕಾಯ್ದೆ ಬಂದಿದ್ದು 2012ರಲ್ಲಿ, ಕಾರಿಡಾರಲ್ಲಿ 1098 ಅಂತ ಚೈಲ್ಡ್‌ಲೈನ್ ನಂಬರ್ ಬೋರ್ಡೂ ಹಾಕಿದಾರೆ, ಆದ್ರೆ ಆ ನಂಬರಿಗೆ ಯಾವಾಗ ಫೋನ್ ಮಾಡ್ಬೇಕು ಅಂತ ಮಕ್ಕಳಿಗೆ ಬಿಡಿಸಿ ಹೇಳೋರು ಇರ್ಲಿಲ್ಲ. ಈಗ ಸ್ವಲ್ಪ ಬದಲಾಗಿದೆ, ಚಿಕ್ಕೋಳ ಬ್ಯಾಚಿಗೆ ಒಬ್ರು ಲೇಡಿ ಡಾಕ್ಟ್ರನ್ನ ಕರ್ಸಿದ್ರು, ಅವರು ಪಿರಿಯಡ್ಸು, ಶುಚಿತ್ವ, ಯಾರಾದ್ರೂ ಮೈ ಮುಟ್ಟಿದ್ರೆ ಏನ್ ಮಾಡ್ಬೇಕು ಎಲ್ಲಾನೂ ಮುಚ್ಚುಮರೆ ಇಲ್ದೆ ಮಾತಾಡಿದ್ರಂತೆ, ಮಗಳು ಮನೆಗೆ ಬಂದು ಊಟಕ್ಕೆ ಕೂತಿದ್ದಾಗ ಅವರಪ್ಪನ ಮುಂದೇನೇ ಎಲ್ಲಾ ವರದಿ ಒಪ್ಪಿಸಿದ್ಲು. ಟಾಯ್ಲೆಟ್ ಕ್ಲೀನ್ ಇದೆ, ಡಸ್ಟ್‌ಬಿನ್ ಇದೆ. ಪ್ಯಾಡ್ ಬೇಕಾದ್ರೆ ಸಿಕ್ ರೂಮಿಗೆ ಹೋಗಿ ಆಯಮ್ಮನ್ನ ಕೇಳಿದ್ರೆ ಕೊಡ್ತಾರೆ, ಸುಮ್ನೆ ಕೊಡ್ತಾರೆ, ರಿಜಿಸ್ಟರಲ್ಲಿ ಹೆಸರು ಬರ್ಸೋದೆಲ್ಲ ಇಲ್ಲ. ಇದಕ್ಕೆ ಫುಲ್ ಮಾರ್ಕ್ಸ್.

ಇಷ್ಟೆಲ್ಲಾ ಬೈದು ಎರಡನೇ ಮಗಳನ್ನೂ ಯಾಕೆ ಅಲ್ಲಿಗೇ ಹಾಕಿದೆ ಅಂತೀರಾ, ಅಲ್ಲೇ ಇರೋದು ವಿಷಯ. ಆ ಶಾಲೇಲಿ ನಿಜವಾಗ್ಲೂ ಚೆನ್ನಾಗಿರೋದನ್ನ ಅವರು ಬ್ರೋಶರಲ್ಲಿ ಹಾಕೇ ಇಲ್ಲ, ಅದು ಚೆನ್ನಾಗಿದೆ ಅಂತ ಅವರಿಗೆ ಗೊತ್ತಿದ್ಯೋ ಇಲ್ವೋ ಅಂತಾನೂ ನನಗೆ ಡೌಟು.

ಅಲ್ಲಿ ಯಾವ ಕೆಲಸಕ್ಕೂ ಹುಡುಗರನ್ನ ಕರೀರಿ ಅನ್ನೋ ಮಾತೇ ಇಲ್ಲ, ಯಾಕಂದ್ರೆ ಕರೆಯಕ್ಕೆ ಹುಡುಗರೇ ಇಲ್ಲ. ಸ್ಕೂಲ್ ಡೇಗೆ ಹಾಲಿಂದ ಸ್ಟೇಜಿಗೆ ಬೆಂಚು ಸಾಗಿಸೋರು ಹುಡುಗೀರು, ಮೈಕ್ ವೈರ್ ಎಳೆಯೋರು ಹುಡುಗೀರು, ಪರದೆ ಎಳೆಯೋಳು ಹುಡುಗಿ, ರಾವಣನೂ ಹುಡುಗೀನೇ. ನಮ್ಮ ದೊಡ್ಡೋಳು ಎಂಟನೇ ಕ್ಲಾಸಲ್ಲಿ ರಾವಣ ಆಗಿದ್ಲು, ಕಾಡಿಗೇಲಿ ಮೀಸೆ ಬರ್ಕೊಂಡು ಏನು ಗರ್ಜನೆ ಅಂತೀರಿ, ಮುಂದಿನ ಸಾಲಲ್ಲಿದ್ದ ಟ್ರಸ್ಟಿ ಒಬ್ರು ಬೆಚ್ಚಿ ಬಿದ್ರು. ಕೋ-ಎಡ್ ಶಾಲೆ ಆಗಿದ್ರೆ ಅವಳ ಗಂಟಲಿಗೆ ಮಂಡೋದರಿ ಪಾರ್ಟು ಸಿಕ್ಕಿರೋದು, ಅಷ್ಟೇ. ಆಗಸ್ಟ್ 15ಕ್ಕೆ ಬ್ಯಾಂಡ್ ಸೆಟ್ ಬರುತ್ತಲ್ಲ, ಆ ದೊಡ್ಡ ಡ್ರಮ್ಮನ್ನ ಹೊಟ್ಟೆ ಮುಂದೆ ನೇತು ಹಾಕ್ಕೊಂಡು ಬಡಿಯೋಳೂ ಹುಡುಗೀನೇ, ಅದೂ ಒಂದು ಪುಟ್ಟ ಹುಡುಗಿ, ಡ್ರಮ್ ಹಿಂದೆ ಅವಳು ಕಾಣೋದೇ ಇಲ್ಲ. ಸೈನ್ಸ್ ಕ್ಲಬ್ ಸೆಕ್ರೆಟರಿ, ಸ್ಪೋರ್ಟ್ಸ್ ಕ್ಯಾಪ್ಟನ್, ಪ್ರತಿಭಾ ಕಾರಂಜಿಗೆ ಚರ್ಚಾ ಸ್ಪರ್ಧೆಗೆ ಹೋಗೋರು ಎಲ್ಲಾ ಅವರೇ, ಹಂಗಾಗಿ ನಾನು ಮಾಡ್ಬಹುದಾ ಅನ್ನೋ ಪ್ರಶ್ನೇನೇ ಆ ಮಕ್ಕಳಿಗೆ ಬರಲ್ಲ, ಯಾರಾದ್ರೂ ಮಾಡ್ಲೇಬೇಕಲ್ಲ.

ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗಿದ್ದು ದೊಡ್ಡೋಳು ಪಿಯುಸಿಗೆ ಕೋ-ಎಡ್ ಕಾಲೇಜ್ ಸೇರಿದ್ಮೇಲೆ. ಶುರೂನಲ್ಲಿ ಹುಡುಗರ ಜೊತೆ ಮಾತಾಡಕ್ಕೆ ಒದ್ದಾಡಿದ್ಲು, ಪೆನ್ ಕೇಳಕ್ಕೂ ಹಿಂದೆ ಮುಂದೆ ನೋಡೋಳು, ಇದು ಹೆಣ್ಮಕ್ಕಳ ಶಾಲೆಯಿಂದ ಬರೋ ಕಷ್ಟ, ಇಲ್ಲ ಅನ್ನಲ್ಲ. ಆದ್ರೆ ಕೆಮಿಸ್ಟ್ರಿ ಲ್ಯಾಬಲ್ಲಿ ಏನಾಯ್ತು ಕೇಳಿ, ಅವಳ ಗುಂಪಲ್ಲಿ ಇಬ್ರು ಹುಡುಗರು ಇಬ್ರು ಹುಡುಗೀರು, ಹುಡುಗರು ಸೀದಾ ಹೋಗಿ ಪಿಪೆಟ್ ಬ್ಯುರೆಟ್ ಹಿಡ್ಕೊಂಡ್ರಂತೆ, ಇನ್ನೊಬ್ಳು ಹುಡುಗಿ ಯಾರೂ ಹೇಳ್ದೆನೇ ರೆಕಾರ್ಡ್ ಬುಕ್ ತೆಗೆದು ರೀಡಿಂಗ್ ಬರ್ಕೊಳಕ್ಕೆ ಕೂತ್ಲಂತೆ. ನಮ್ಮೋಳು, 'ಒಂದ್ನಿಮಿಷ, ಟರ್ನ್ ಪ್ರಕಾರ ಮಾಡಣ, ನೀನು ಬರ್ಕೋ' ಅಂತ ಒಬ್ಬನ ಕೈಗೆ ಪುಸ್ತಕ ಕೊಟ್ಲಂತೆ. ಅವನು ಬರ್ಕೊಂಡ ಕೂಡ. ಮನೆಗೆ ಬಂದು ಇದನ್ನ ಏನೂ ವಿಶೇಷ ಅಲ್ಲ ಅನ್ನೋ ಥರ ಹೇಳಿದ್ಲು, ಅದಕ್ಕೇ ನನಗೆ ಜಾಸ್ತಿ ಖುಷಿ ಆಯ್ತು. ಫೀಸ್ ಕಟ್ಟಿದ್ದಕ್ಕೆ ಏನ್ ಬಂತು ಅಂತ ಕೇಳಿದ್ರೆ ನಾನು ತೋರ್ಸೋದು ಇದನ್ನೇ, ಆ ಕಾಂಪೌಂಡ್ ಗೋಡೇನ ಅಲ್ಲ.

ಆಟದ ವಿಷಯದಲ್ಲಿ ಮಾತ್ರ ಯಾಕೋ ಅವರ ತಲೆ ಓಡಲ್ಲ. ಥ್ರೋಬಾಲ್, ಥ್ರೋಬಾಲ್, ಇನ್ನೂ ಸ್ವಲ್ಪ ಥ್ರೋಬಾಲ್. ಮಳೆ ಬಂದ್ರೆ ಕೇರಂ. ಖೋ ಖೋ ಟೀಮ್ ಇತ್ತು, ಪಿಟಿ ಮಿಸ್ ಬಿಟ್ಟು ಹೋದ್ಮೇಲೆ ಅದೂ ನಿಂತು ಹೋಯ್ತು. ಚಿಕ್ಕೋಳಿಗೆ ಕ್ರಿಕೆಟ್ ಹುಚ್ಚು, ಗ್ರೌಂಡಲ್ಲಿ ಬ್ಯಾಟ್ ತರಂಗಿಲ್ಲ, ಕಿಟಕಿ ಗಾಜು ಒಡೆಯುತ್ತಂತೆ.

ಈಗ ರಿಸಲ್ಟು. ಗೇಟ್ ಮುಂದೆ ಫ್ಲೆಕ್ಸ್ ನೋಡಿರ್ತೀರ, ನೂರಕ್ಕೆ ನೂರು ಫಲಿತಾಂಶ, 625ಕ್ಕೆ 620ರ ಮೇಲೆ ಇಷ್ಟು ಜನ, ಪಾಸ್‌ಪೋರ್ಟ್ ಫೋಟೋಗಳು ಸಾಲಾಗಿ. ನೋಡಿ ಮರುಳಾಗೋ ಮುಂಚೆ ಎರಡು ವಿಷಯ. ಒಂದು, ಹುಡುಗೀರು ಎಲ್ಲಾ ಕಡೆನೂ ಚೆನ್ನಾಗೇ ಪಾಸಾಗ್ತಾರೆ. 2024ರ ಎಸ್ಸೆಸ್ಸೆಲ್ಸೀಲಿ ಇಡೀ ರಾಜ್ಯದಲ್ಲಿ ಹುಡುಗೀರು ಶೇಕಡಾ 81.11, ಹುಡುಗರು 65.90, ಹದಿನೈದು ಪರ್ಸೆಂಟ್ ವ್ಯತ್ಯಾಸ. ಅಂದ್ರೆ ಬರೀ ಹುಡುಗೀರೇ ಇರೋ ಶಾಲೆ ಏನೂ ಮಾಡ್ದೆ ಸುಮ್ನೆ ಕೂತ್ರೂ ಪಕ್ಕದ ಕೋ-ಎಡ್ ಶಾಲೆಗಿಂತ ಮುಂದೆ ಕಾಣುತ್ತೆ. ಅದರ ಮೇಲೆ ಸಂಸ್ಕೃತ ಫಸ್ಟ್ ಲಾಂಗ್ವೇಜ್ ತಗೊಂಡು 125ಕ್ಕೆ 125 ಹೊಡೆಯೋರು ಬೇರೆ.

ಎರಡನೇದು ನನಗೆ ನಿಜವಾಗ್ಲೂ ಹೊಟ್ಟೆ ಉರಿಸಿದ್ದು. ಆ ನೂರಕ್ಕೆ ನೂರು ಹೇಗೆ ಬರುತ್ತೆ ಅಂದ್ರೆ, ಒಂಬತ್ತನೇ ಕ್ಲಾಸ್ ಮುಗಿಯೋ ಹೊತ್ತಿಗೆ ಸೋಸ್ತಾರೆ. ದೊಡ್ಡೋಳ ಬೆಂಚಲ್ಲೇ ಕೂರ್ತಿದ್ದ ಹುಡುಗಿ, ಅವರಪ್ಪ ಆಟೋ ಓಡಿಸ್ತಾರೆ, ಗಣಿತ ಅವಳಿಗೆ ಬರ್ತಿರ್ಲಿಲ್ಲ, ಬೇರೆ ಎಲ್ಲಾ ಪರವಾಗಿಲ್ಲ, ಹಾಡಕ್ಕೆ ಕೂತ್ರಂತೂ ಕ್ಲಾಸೇ ಸುಮ್ನಾಗೋದು. ಏಪ್ರಿಲಲ್ಲಿ ಅವರಪ್ಪನ್ನ ಕರೆದು, ನಿಮ್ಮ ಮಗಳಿಗೆ ಇಲ್ಲಿ ಪ್ರೆಷರ್ ಜಾಸ್ತಿ ಆಗ್ತಿದೆ, ಬೇರೆ ಶಾಲೇಲಿ ಆರಾಮಾಗಿ ಓದ್ತಾಳೆ, ಟಿಸಿ ತಗೊಳಿ ಅಂತ ಬಹಳ ಕಾಳಜಿಯಿಂದ ಹೇಳಿದಾರೆ. ಎಲ್‌ಕೆಜಿಯಿಂದ ಅಲ್ಲೇ ಓದಿದ ಮಗು. ಆ ಮನುಷ್ಯ ಏನೂ ಮಾತಾಡ್ದೆ ಸೈನ್ ಹಾಕಿ ಬಂದಿದಾರೆ. ಇದು ಒಂದು ಶಾಲೆ ಕಥೆ ಅಲ್ಲ, ಮೈಸೂರು ಬೆಂಗಳೂರಲ್ಲಿ ಮಕ್ಕಳನ್ನ ಓದಿಸಿದ ಯಾರನ್ನ ಬೇಕಾದ್ರೂ ಕೇಳಿ. ಒಂಬತ್ತರಲ್ಲೇ ಯಾಕೆ ಅಂದ್ರೆ ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ ರಕ್ಷಣೆ ಎಂಟನೇ ಕ್ಲಾಸಿಗೆ ಮುಗಿಯುತ್ತೆ, ಅಲ್ಲಿ ತನಕ ಮಗೂನ ಶಾಲೆಯಿಂದ ತೆಗೆಯೋ ಹಾಗಿಲ್ಲ, ಒಂಬತ್ತಕ್ಕೆ ಬಂದ್ರೆ ಕೇಳೋರಿಲ್ಲ. ಆ ಹುಡುಗಿ ಗೌರ್ಮೆಂಟ್ ಹೈಸ್ಕೂಲಿಗೆ ಸೇರಿ ಹತ್ತು ಪಾಸಾದ್ಲು, ಪರೀಕ್ಷೆ ಒಂದರಲ್ಲಿ ಗಣಿತ ಹೋಗಿತ್ತು, ಎರಡರಲ್ಲಿ ತೆಗೆದ್ಲು. ಈಗ 2023-24ರಿಂದ ಮೂರು ಪರೀಕ್ಷೆ ಬರೆಯಕ್ಕೆ ಅವಕಾಶ ಇದೆಯಲ್ಲ, ಅದು ಇವರಲ್ಲೇ ಇದ್ದಿದ್ರೂ ಸಿಗ್ತಿತ್ತು. ಬೋರ್ಡಲ್ಲಿ 100 ಅಂತಿರೋದು 99 ಆಗ್ತಿತ್ತು, ಅಷ್ಟೇ ತಾನೇ ನಷ್ಟ?

ಪಾಠ ಹೇಗೆ ಅಂದ್ರೆ ಮಿಸ್ಸುಗಳ ಮೇಲೆ ಹೋಗುತ್ತೆ. ಕನ್ನಡ ಮಿಸ್ಸು ಮಾತ್ರ ಬಂಗಾರ, ಹಳಗನ್ನಡ ಪದ್ಯಾನ ರಾಗವಾಗಿ ಹೇಳಿಸ್ತಾರೆ, ಚಿಕ್ಕೋಳು ಪಾತ್ರೆ ಒರೆಸ್ತಾ ಗುನುಗ್ತಿರ್ತಾಳೆ. ತಮಾಷೆ ಏನಂದ್ರೆ ಅದೇ ಶಾಲೇಲಿ ಕಾರಿಡಾರಲ್ಲಿ ಕನ್ನಡ ಮಾತಾಡಿದ್ರೆ ಕ್ಲಾಸ್ ಲೀಡರ್ ಹೆಸರು ಬರ್ಕೋತಾಳೆ. ಕನ್ನಡ ಮಿಸ್ಸಿನ ಜೊತೆ ಕಾರಿಡಾರಲ್ಲಿ ಎದುರಾದ್ರೆ ಏನ್ ಮಾಡ್ಬೇಕು ಅಂತ ಕೇಳಿದ್ರೆ ಮಗಳು, ನಮಸ್ತೆ ಅಂತ ಹೇಳಿ ಓಡೋಗೋದು ಅಂದ್ಲು. ಇಂಗ್ಲಿಷ್ ಕಲೀಲಿ, ಅದಕ್ಕೇ ತಾನೇ ದುಡ್ಡು ಕೊಟ್ಟಿರೋದು, ಹಂಗಂತ ಮೈಸೂರಲ್ಲಿ ಕನ್ನಡಕ್ಕೆ ಫೈನ್ ಅನ್ನೋದು ಯಾವ ಸೀಮೆ ನ್ಯಾಯ ಅಂತ ಪಿಟಿಎಮ್ಮಲ್ಲಿ ಕೇಳಿದೆ, ಪಕ್ಕದಲ್ಲಿ ಕೂತಿದ್ದ ಬೇರೆ ಪೇರೆಂಟ್ಸೇ ನನ್ನ ಮುಖ ಕೆಕ್ಕರಿಸಿ ನೋಡಿದ್ರು. ಶಾಲೆಯೋರನ್ನ ಮಾತ್ರ ಬೈದ್ರೆ ಸಾಲಲ್ಲ ಅನ್ನಿ.

ಗಣಿತಕ್ಕೆ ದೊಡ್ಡೋಳ ಹತ್ತನೇ ವರ್ಷದಲ್ಲೇ ಮಿಸ್ ಬದಲಾಗ್ತಾನೇ ಇದ್ರು. ಸಂಬಳ ಕಡಿಮೆ, ಕೋಚಿಂಗ್ ಸೆಂಟರಲ್ಲಿ ಜಾಸ್ತಿ ಕೊಡ್ತಾರೆ, ಹೋಗ್ತಾರೆ. ನಾವು ಕೊಡೋ ಫೀಸ್ ಎಲ್ಲಿಗೆ ಹೋಗುತ್ತೆ ಅಂತ ಆವಾಗ ಯೋಚನೆ ಬರುತ್ತೆ, ಹೊಸ ಬ್ಲಾಕಿಗೆ ಗ್ರಾನೈಟ್ ಹಾಕ್ಸಿದಾರೆ ಅನ್ನೋದೂ ಕಾಣುತ್ತೆ. ಕೊನೆಗೆ ಟ್ಯೂಷನ್ ಹಾಕಿದ್ವಿ, ಆ ಕ್ಲಾಸಲ್ಲಿ ಟ್ಯೂಷನ್ ಇಲ್ಲದ ಮಗೂನ ಹುಡುಕ್ಬೇಕಿತ್ತು.

ಫೀಸ್ ವಿಷಯ ಚುಟುಕಾಗಿ ಹೇಳ್ತೀನಿ. ಬಾಯಲ್ಲಿ ಹೇಳೋ ಮೊತ್ತ ಒಂದು, ಜೂನಲ್ಲಿ ಕಟ್ಟೋದು ಇನ್ನೊಂದು. ಟ್ಯೂಷನ್ ಫೀಸ್ ಅಂತ ಒಂದು ರಸೀದಿ, ಆಕ್ಟಿವಿಟಿ, ಸ್ಮಾರ್ಟ್ ಕ್ಲಾಸ್, ಸ್ಕೂಲ್ ಡೇ, ಬಿಲ್ಡಿಂಗ್ ಫಂಡ್ ಅಂತ ಬೇರೆ ರಸೀದಿ, ಕೆಲವಕ್ಕೆ ಟ್ರಸ್ಟ್ ಹೆಸರಲ್ಲಿ ರಸೀದಿ. ಯೂನಿಫಾರಂ ಬಟ್ಟೆ ಅವರು ಹೇಳಿದ ಅಂಗಡೀಲೇ ಸಿಗೋದು, ಎರಡು ವರ್ಷಕ್ಕೊಂದ್ಸಲ ಚೆಕ್ಸ್ ಡಿಸೈನ್ ಸ್ವಲ್ಪ ಬದಲಾಯಿಸ್ತಾರೆ, ಅಕ್ಕಂದು ತಂಗಿಗೆ ಆಗ್ಬಾರ್ದಲ್ಲ. ಬುಧವಾರ ಶನಿವಾರ ಬಿಳಿ ಕ್ಯಾನ್ವಾಸ್ ಶೂ. ಅಡ್ಮಿಷನ್ನಿಗೆ ಮೊದಲು ಇಂಟರ್ಯಾಕ್ಷನ್ ಅಂತ ಅಪ್ಪ ಅಮ್ಮನ ಓದು, ಕೆಲಸ ಎಲ್ಲಾ ಕೇಳ್ತಾರೆ, ಆರ್‌ಟಿಇ ಕಾಯ್ದೆ 13ನೇ ಸೆಕ್ಷನ್ ಪ್ರಕಾರ ಮಗು ಸೇರಿಸ್ಕೊಳೋವಾಗ ಮಗೂನೂ ಜರಡಿ ಹಿಡಿಯಂಗಿಲ್ಲ ಪೋಷಕರನ್ನೂ ಜರಡಿ ಹಿಡಿಯಂಗಿಲ್ಲ, ಮೊದಲನೇ ಸಲ ಸಿಕ್ಕಿಬಿದ್ರೆ 25 ಸಾವಿರದ ತನಕ ದಂಡ ಅಂತ ಬರೆದಿದೆ, ಬರೆದಿದೆ ಅಷ್ಟೇ.

ಬ್ಯಾಗ್ ತೂಕ: 2019ರಲ್ಲಿ ಸರ್ಕಾರ ಆರರಿಂದ ಎಂಟನೇ ಕ್ಲಾಸಿಗೆ 3ರಿಂದ 4 ಕೆಜಿ ಅಂತ ಆದೇಶ ಮಾಡಿದೆ. ನಾನು ಚಿಕ್ಕೋಳ ಬ್ಯಾಗನ್ನ ದಿನಸಿ ಅಂಗಡಿ ತಕ್ಕಡೀಲಿ ಇಟ್ಟೆ, ಏಳು ಕೆಜಿ ದಾಟಿತು, ಅಂಗಡಿಯೋರು ಏನಮ್ಮ ಅಕ್ಕಿ ವಾಪಸ್ ತಂದ್ರಾ ಅಂದ್ರು. ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ದೆ ಬರೋದು, ಸಂಭ್ರಮ ಶನಿವಾರ ಅಂತ, ಅದನ್ನ ಇವರು ಹೈಸ್ಕೂಲಿಗೆ ಸ್ಪೆಷಲ್ ಕ್ಲಾಸ್ ಮಾಡ್ಕೊಂಡಿದಾರೆ. ಒಂದು ಒಳ್ಳೇದಾಗಿದ್ದು ಅಂದ್ರೆ ಶಕ್ತಿ ಯೋಜನೆ ಬಂದ್ಮೇಲೆ, ಅಂದ್ರೆ 2023 ಜೂನಿಂದ, ಹೈಸ್ಕೂಲ್ ಹುಡುಗೀರು ಎಷ್ಟೋ ಜನ ವ್ಯಾನ್ ಬಿಟ್ಟು ಸಿಟಿ ಬಸ್ಸಿಗೆ ಬಂದ್ರು, ಆಧಾರ್ ತೋರ್ಸಿದ್ರೆ ಟಿಕೆಟ್ ಫ್ರೀ. ಶಾಲೆಯೋರಿಗೆ ಅದು ಅಷ್ಟು ಇಷ್ಟ ಇಲ್ಲ, ವ್ಯಾನ್ ಸೇಫು ಅಂತಾರೆ. ದೊಡ್ಡೋಳು ಬಸ್ಸಲ್ಲಿ ಓಡಾಡಕ್ಕೆ ಶುರು ಮಾಡಿದ್ಮೇಲೇನೇ ಊರು ಕಲ್ತಿದ್ದು, ರಶ್ಶಲ್ಲಿ ಯಾರಾದ್ರೂ ಮೈ ಮೇಲೆ ಬಿದ್ರೆ ಜೋರಾಗಿ ಕೂಗಕ್ಕೂ ಅಲ್ಲೇ ಕಲ್ತಿದ್ದು. ರಾವಣನ ಗಂಟಲು ಅಲ್ವಾ.

ನಾದಿನಿ ಕೇಳಿದ್ರೆ ಬೇರೇನೇ ಹೇಳ್ತಾಳೆ, ಅವಳ ಪ್ರಕಾರ ಅವಳ ಕಾಲದಲ್ಲಿ ಶಾಲೆ ಇನ್ನೂ ಕಟ್ಟುನಿಟ್ಟು, ಆದ್ರೂ ಟೀಚರುಗಳು ಎಲ್ಲಾ ಮಕ್ಕಳ ಮನೆ ಕಥೇನೂ ತಿಳ್ಕೊಂಡಿರ್ತಿದ್ರು, ಫೀಸ್ ಕಟ್ಟಕ್ಕಾಗ್ದೆ ಇದ್ದೋರಿಗೆ ತಾವೇ ಕೈಯಿಂದ ಹಾಕಿ ಕಟ್ಟಿದ್ದೂ ಇದೆ. ಅವಳ ಕ್ಲಾಸೋರು ಈಗಲೂ ದಸರಾ ಟೈಮಲ್ಲಿ ಸೇರ್ತಾರೆ, ಅಮೆರಿಕಾದಿಂದ ಬಂದೋರೂ ಇರ್ತಾರೆ, ಎರಡು ಜಡೆ ಹಾಕ್ಕೊಂಡು ಫೋಟೋ ಬೇರೆ. ಆ ಜಡೆಗೆ ಅವಾಗ ಹಿಡಿಶಾಪ ಹಾಕಿದೋರೇ ಇವರು.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ ಸ್ಟಾರ್. ಹಾಕ್ಬೇಕು ಅಂತಿದ್ರೆ ಆಫೀಸಲ್ಲಿ ಫೀಸ್ ಕೇಳೋದಕ್ಕಿಂತ ಮುಂಚೆ ಎಂಟನೇ ಕ್ಲಾಸಲ್ಲಿ ಎಷ್ಟು ಜನ ಇದಾರೆ, ಹತ್ತರಲ್ಲಿ ಎಷ್ಟು ಜನ ಅಂತ ಕೇಳಿ, ಸಂಖ್ಯೆ ಕಡಿಮೆ ಆಗಿದ್ರೆ ಆ ಮಕ್ಕಳು ಎಲ್ಲಿಗೆ ಹೋದ್ರು ಅಂತ ಕೇಳಿ, ಉತ್ತರ ಹೇಳೋವಾಗ ಅವರ ಮುಖ ನೋಡಿ. ಸಾಧ್ಯ ಆದ್ರೆ ಸ್ಕೂಲ್ ಡೇ ದಿನ ಹೋಗಿ ಸ್ಟೇಜ್ ಹಿಂದೆ ಯಾರು ಕೆಲಸ ಮಾಡ್ತಿದಾರೆ ನೋಡಿ. ಎಲ್ಲಾ ಫೀಸೂ ಒಂದೇ ಕಾಗದದಲ್ಲಿ ಬರ್ಕೊಡಿ ಅಂತ ಪಟ್ಟು ಹಿಡೀರಿ. ಎಲ್‌ಕೆಜಿಗೆ ಜೂನ್ 1ಕ್ಕೆ ಮಗುಗೆ ನಾಲ್ಕು ವರ್ಷ ತುಂಬಿರ್ಬೇಕು, ಬರ್ತ್ ಸರ್ಟಿಫಿಕೇಟಲ್ಲಿರೋ ಹೆಸರಿನ ಸ್ಪೆಲಿಂಗೂ ಆಧಾರಲ್ಲಿರೋದೂ ಒಂದೇ ಇರ್ಲಿ, ಇಲ್ಲಾಂದ್ರೆ ವಾಪಸ್ ಕಳಿಸ್ತಾರೆ. ಫಾರಂ ತಗೊಳಕ್ಕೆ ಬೆಳಿಗ್ಗೇನೇ ಹೋಗಿ, ಮಧ್ಯಾಹ್ನದ ಮೇಲೆ ಕೌಂಟರ್ ಮುಚ್ಚಿರುತ್ತೆ, ಅಪ್ಪಂದಿರು ಹೋದ್ರೆ ಗೇಟಲ್ಲೇ ನಿಲ್ಲಿಸ್ತಾರೆ, ಕಾರ್ಡ್ ಇಲ್ವಲ್ಲ.